ತಾರಸಿ ಕುಂಡಗಳಿಗೆ ಕ್ಯಾನೋ, ಡ್ರಿಪ್ಪೋ?

ಹತ್ತು ಹದಿನೈದು ಕುಂಡ ಅಷ್ಟೇನಾ? ನೀರು ಹಾಕುವ ಕ್ಯಾನ್ ಸಾಕು, ಹನಿ ಹನಿಯಾಗಿ ನೀರು ಬಿಡುವ ಡ್ರಿಪ್ ಪೈಪಿಗೆ ಸುಮ್ನೆ ದುಡ್ಡು ಹಾಕಬೇಡಿ. ನೀರು ಹಾಕುವಾಗಲೇ ಟೊಮೆಟೊ ಎಲೆ ತಿರುಗಿಸಿ ಹುಳು ನೋಡಬಹುದು, ಬೆರಳನ್ನು ಒಂದಿಂಚು ಮಣ್ಣಿಗೆ ಇಳಿಸಿ ತೇವ ಇದ್ದರೆ ಆ ಕುಂಡ ಬಿಟ್ಟು ಮುಂದೆ ಹೋಗಬಹುದು. ಡ್ರಿಪ್‌ಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಆದರೆ ಏಪ್ರಿಲ್ ಬಿಸಿಲಲ್ಲಿ ವಾರಗಟ್ಟಲೆ ಊರಿಗೆ ಹೋಗುವವರಿಗೆ ಟೈಮರ್ ಇರುವ ಡ್ರಿಪ್ಪೇ ಗತಿ. ಬೋರ್‌ವೆಲ್‌ನ ಗಡಸು ನೀರಾದರೆ ಪೈಪಿನಿಂದ ನೀರು ತೊಟ್ಟಿಕ್ಕಿಸುವ ಡ್ರಿಪ್ಪರ್ ಬಾಯಿಗೆ ಬಿಳಿ ಪುಡಿ ಕಟ್ಟುತ್ತದೆ, ಆಗಾಗ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ. ಡ್ರಮ್ಮಿನಲ್ಲಿರುವ ನಿಂಬೆ, ಸೀಬೆಗೆ ಒಂದೇ ಡ್ರಿಪ್ಪರ್ ಇಟ್ಟರೆ ಒಂದು ಪಕ್ಕ ಮಾತ್ರ ನೆನೆಯುತ್ತದೆ. ಸುತ್ತ ಮೂರು ನಾಲ್ಕು ಬೇಕು.

ನನ್ನನ್ನು ಕೇಳಿದರೆ ಹಣ್ಣಿನ ಡ್ರಮ್ಮಿಗೆ ಡ್ರಿಪ್, ತರಕಾರಿಗೆ ಕ್ಯಾನ್. ಯಾವುದೇ ಆದರೂ ತಳದ ತೂತಿನಿಂದ ನೀರು ಜಿನುಗುವವರೆಗೆ ಹಾಕಿ.