ನಮ್ಮ ಬಡಾವಣೆಯ ತಾರಸಿ ತೋಟದ ಬಳಗ: ಸೇರಿ 4 ವರ್ಷವಾದ ಮೇಲೆ

ಹೀರೆಬಳ್ಳಿ ಚಪ್ಪರದ ತುಂಬ ಹಬ್ಬಿತ್ತು. ಹೂವೂ ಬಿಡುತ್ತಿತ್ತು. ಆದರೆ ಎಳೆ ಮಿಡಿಗಳೆಲ್ಲ ಹಳದಿ ತಿರುಗಿ ಉದುರುತ್ತಿದ್ದವು. ವಿಡಿಯೋ ನೋಡಿಕೊಂಡು ದಿನಾ ಬೆಳಿಗ್ಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುತ್ತಿದ್ದೆ. ಒಂದು ಕಾಯಿಯೂ ನಿಲ್ಲಲಿಲ್ಲ. ಬಳಗದ ಹಿರಿಯರೊಬ್ಬರು ಮನೆಗೆ ಬಂದವರು ಮೊದಲು ಕೇಳಿದ್ದೇ, "ಎಷ್ಟು ಹೊತ್ತಿಗೆ ಮುಟ್ಟಿಸ್ತೀಯಮ್ಮಾ?" ಬೆಳಿಗ್ಗೆ ಎಂದೆ. "ಅದು ಕುಂಬಳಕ್ಕಾಯ್ತು. ಹೀರೆ ಹೂ ಅರಳೋದೇ ಸಂಜೆ. ದೀಪ ಹಚ್ಚೋ ಹೊತ್ತಿಗೆ ಮುಟ್ಟಿಸಿ ನೋಡು." ಆ ವಾರವೇ 5 ಕಾಯಿ ನಿಂತವು.

ನಾನು ಬೆಂಗಳೂರಿನ ರಾಜರಾಜೇಶ್ವರಿನಗರದ ಕಡೆ ಇರುವವಳು. ಬಳಗಕ್ಕೆ ವರ್ಷಕ್ಕೆ 300 ರೂಪಾಯಿ. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ತಾರಸಿಯಲ್ಲಿ ಸೇರುತ್ತೇವೆ. ಬೀಜ, ಸಸಿ ಹಂಚಿಕೊಳ್ಳುತ್ತೇವೆ. ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಟ್ಟಿಗೆ ತರಿಸುತ್ತೇವೆ. ಹೇಳಿಕೊಳ್ಳಲು ಇಷ್ಟೇ. ಆದರೆ ಗಿಡದ ಮುಂದೆ ನಿಂತು, ಎಲೆ ತಿರುಗಿಸಿ ನೋಡಿ ಹೇಳುವವರು ಬೇರೆ ಎಲ್ಲಿ ಸಿಗುತ್ತಾರೆ?

ಮೆಣಸಿನ ಗಿಡದ್ದೇ ನೋಡಿ. ಎಲೆ ಮುದುಡಿತು ಅಂದರೆ ಎಲ್ಲರೂ ಬೇವಿನ ಎಣ್ಣೆ ಹೊಡಿ ಅಂತಾರೆ. ಎಲೆಯ ಅಂಚು ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮಡಚಿದ್ದರೆ ನುಸಿ (ಮೈಟ್) ಅಂತ ನನಗೆ ತೋರಿಸಿಕೊಟ್ಟಿದ್ದು ಇಲ್ಲಿ. ಥ್ರಿಪ್ಸ್‌ಗೆ ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ. ಸಂಜೆ ಹೊತ್ತು, ಎಲೆಯ ಅಡಿಭಾಗಕ್ಕೂ ತಾಗುವಂತೆ ಹೊಡೆಯಬೇಕು. ನುಸಿಗೆ ನೀರಿನಲ್ಲಿ ಬೆರೆಯುವ ಗಂಧಕದ ಪುಡಿ ಒಳ್ಳೆಯದು. ಆದರೆ ಬೇವಿನ ಎಣ್ಣೆ ಹೊಡೆದು 2 ವಾರ ಕಳೆಯದೆ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ.

ಅವರೆಯದು ಇನ್ನೊಂದು ಪಾಠ. ಸೇರುವುದಕ್ಕೆ ಮುಂಚೆ ಫೆಬ್ರವರಿಯಲ್ಲಿ ನಾಟಿ ಅವರೆ ಹಾಕಿ, ಬಳ್ಳಿ ಎಷ್ಟು ಸೊಂಪಾಗಿದೆ ಅಂತ ಖುಷಿಪಟ್ಟಿದ್ದೆ. ತಿಂಗಳುಗಟ್ಟಲೆ ಬರೀ ಎಲೆ. ಹಗಲು ಚಿಕ್ಕದಾದ ಮೇಲೇ ಅದು ಹೂ ಬಿಡುವುದು, ಜುಲೈ–ಆಗಸ್ಟ್‌ನಲ್ಲಿ ಹಾಕಬೇಕು ಅಂತ ಆಮೇಲೆ ತಿಳಿಯಿತು. ಈಗ ಪ್ರತಿ ವರ್ಷ ಸಂಕ್ರಾಂತಿಗೆ ಮನೆಯದೇ ಸೊಗಡಿನ ಕಾಯಿ. ಹಿತಕಿದ ಬೇಳೆ ಸಾರು ಮಾಡಿದ ದಿನ ಅಕ್ಕಪಕ್ಕದವರಿಗೂ ಒಂದೊಂದು ಬಟ್ಟಲು ಕೊಡುತ್ತೇನೆ.

2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಎಂದಿತು. ಆಗ ಬಳಗ ಇಲ್ಲದಿದ್ದರೆ ತೋಟ ಬಿಟ್ಟೇಬಿಡುತ್ತಿದ್ದೆ. ಅಕ್ಕಿ, ತರಕಾರಿ ತೊಳೆದ ನೀರನ್ನೆಲ್ಲ ಬಕೆಟ್‌ನಲ್ಲಿ ಹಿಡಿದಿಟ್ಟೆವು. ಬುಡಕ್ಕೆ ಎರಡು ಇಂಚು ಒಣಗಿದ ಎಲೆ ಮುಚ್ಚಿದೆವು. ಗಿಡ ಬೆಳೆಸುವ ದೊಡ್ಡ ಬ್ಯಾಗುಗಳಲ್ಲಿ ಬಣ್ಣ ಹಚ್ಚದ ಸಣ್ಣ ಮಡಕೆ ಹೂತು, ನೀರು ಮೆಲ್ಲಗೆ ಬೇರಿಗೆ ಒಸರಲಿ ಅಂತ ತುಂಬಿದೆವು. ಬದನೆ, ಬಸಳೆ, ಕರಿಬೇವು ಉಳಿದವು. ಟೊಮೇಟೊ ಹೋಯಿತು.

ಬೇಸರದ ಸಂಗತಿಯೂ ಇದೆ. ಒಂದು ಸಲ ಬಳಗದ ಮೂಲಕ ತರಿಸಿದ ಎರೆಗೊಬ್ಬರ ಇನ್ನೂ ಕಳಿತೇ ಇರಲಿಲ್ಲ. ಮೂಟೆ ಒಳಗೆ ಬಿಸಿ, ಮೇಲೆ ಹುಳಿ ವಾಸನೆ. ನೋಡದೆ ಹಾಕಿ 20 ಸಸಿ ಕಳೆದುಕೊಂಡೆ. ಮಾರಿದವರು ಫೋನ್ ಎತ್ತಲಿಲ್ಲ, ಬಳಗವೂ ದುಡ್ಡು ವಾಪಸ್ ಕೊಡಿಸಲಿಲ್ಲ. ಅದು ನನಗೆ ಈಗಲೂ ನೋವೇ. ಅಂದಿನಿಂದ ಯಾವ ಗೊಬ್ಬರ ಬಂದರೂ ಒಂದು ಹಿಡಿ ಒದ್ದೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ 3 ದಿನ ಇಡುತ್ತೇನೆ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ. ನಾತ ಬಂದರೆ ಇನ್ನೂ ಕಳಿಯಬೇಕು. ಆಮೇಲೆ ಬ್ಯಾಗಿಗೆ ತುಂಬಲು ಸಮಸಮ ಕೆಂಪು ಮಣ್ಣು, ಎರಡು ಸಲ ತೊಳೆದ ಕೋಕೋಪೀಟ್, ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ.

ತಾರಸಿಗೆ ನೀರು ಇಳಿಯದಂತೆ ಮಾಡಿಸಿಕೊಳ್ಳಿ ಅಂತ ಹೊಸಬರಿಗೆ ಬಳಗದವರು ಮೊದಲೇ ಹೇಳಬೇಕು. ನನಗೆ ಯಾರೂ ಹೇಳಲಿಲ್ಲ. ಎರಡನೇ ಮಳೆಗಾಲಕ್ಕೆ ಮಲಗುವ ಕೋಣೆಯ ಗೋಡೆ ತೇವ ಹಿಡಿಯಿತು. ಈಗ ಎಲ್ಲ ಬ್ಯಾಗುಗಳೂ ಇಟ್ಟಿಗೆಯ ಮೇಲಿವೆ, ಅಡಿಯಲ್ಲಿ ನೀರು ನಿಲ್ಲುವುದಿಲ್ಲ. ಇನ್ನೊಂದು ಮಾತು, ಫ್ಲ್ಯಾಟ್‌ನಲ್ಲಿ ಬರೀ ಬಾಲ್ಕನಿ ಇರುವವರಿಗೆ ಇಲ್ಲಿ ಅಷ್ಟು ಉಪಯೋಗವಿಲ್ಲ. ಮಾತೆಲ್ಲ ಬಿಸಿಲು ಜಾಸ್ತಿ ಬೀಳುವ ತಾರಸಿಯದೇ.

ಈ ವರ್ಷವೂ 300 ರೂಪಾಯಿ ಕಟ್ಟಿದ್ದೇನೆ. ನಿಮ್ಮ ಕಡೆ ಇಂಥ ಬಳಗ ಇದ್ದು ಸೇರುವ ಮನಸ್ಸಿದ್ದರೆ ಜುಲೈ ಒಳಗೆ ಸೇರಿ. ನಾಟಿ ಅವರೆ ಬೀಜ ಹಂಚುವುದು ಆಗಲೇ, ಬೇಗ ಖಾಲಿಯಾಗುತ್ತದೆ.