ಪಾಂಡಿಚೇರಿ ನಂಬರ್ ಹಾಕಿಸಿ ನಾನು ‘ಉಳಿಸಿದ’ ದುಡ್ಡು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಏಜೆಂಟ್ ಮೋಸ ಮಾಡಿದ ಅಂತ ಬರೆದರೆ ನಾಲ್ಕು ಜನ ಅಯ್ಯೋ ಪಾಪ ಅನ್ನಬಹುದು. ಆದರೆ ಸುಳ್ಳು ವಿಳಾಸದ ಕಾಗದಕ್ಕೆ ಸಹಿ ಹಾಕಿದ್ದು ನಾನು. ಹಾಗಾಗಿ ಇದನ್ನು ದೂರು ಅಂತ ಓದಬೇಡಿ. ‘ಬಾರ್ಡರ್ ದಾಟಿ ಕಾರು ತಗೊಳ್ಳಿ, ಎರಡು ಲಕ್ಷ ಉಳಿಯುತ್ತೆ’ ಅಂತ ನಿಮಗೆ ಯಾರಾದರೂ ಹೇಳಿದ್ದರೆ, ಅಡ್ವಾನ್ಸ್ ಕೊಡೋ ಮುಂಚೆ ಒಂದು ಸಲ ಓದಿ, ಅಷ್ಟೆ.

2024ರ ಕೊನೆ. ಹಳೆ ಕಾರು ಗೇರ್‌ಬಾಕ್ಸ್ ಕೈಕೊಟ್ಟು ಮನೆ ಮುಂದೆ ನಿಂತಿತ್ತು. ಬೆಂಗಳೂರಿನ ಶೋರೂಮಿಗೆ ಹೋಗಿ ಒಂದು ಪೆಟ್ರೋಲ್ ಗಾಡಿ ಮೆಚ್ಚಿಕೊಂಡೆವು. ಎಕ್ಸ್ ಶೋರೂಮ್ ಬೆಲೆ 18.5 ಲಕ್ಷ. ಅಲ್ಲಿದ್ದ ಹುಡುಗ ಕೊಟೇಶನ್ ಬರೆದುಕೊಟ್ಟ. ಅದರಲ್ಲಿ ರೋಡ್ ಟ್ಯಾಕ್ಸ್ ಅನ್ನೋ ಸಾಲಿಗೆ ಬಂದಾಗ ನನ್ನ ಹೆಂಡತಿ ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ಓದಿದಳು. 3.49 ಲಕ್ಷ! ‘ನಮ್ಮ ಮೊದಲನೇ ಕಾರಿಗೇ ಇಷ್ಟು ಕೊಟ್ಟಿರಲಿಲ್ಲ ಅಲ್ವಾ?’ ಅಂದಳು. ನಿಜ, ಕೊಟ್ಟಿರಲಿಲ್ಲ.

ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 17%. 20 ಲಕ್ಷ ದಾಟಿದರೆ 18%. ಆ ಟ್ಯಾಕ್ಸಿನ ಮೇಲೆ ಮತ್ತೆ 11% ಸೆಸ್. ದೇಶದಲ್ಲೇ ಜಾಸ್ತಿ ರೋಡ್ ಟ್ಯಾಕ್ಸ್ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಈ ರಸ್ತೆಗಳಿಗೆ ಇಷ್ಟು ಟ್ಯಾಕ್ಸಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಗುಂಡಿ ಎಣಿಸಿಕೊಂಡೇ ದಿನಾ ಆಫೀಸಿಗೆ ಹೋಗುವವನು ನಾನು. ಆ ಸಿಟ್ಟು ಹೊಟ್ಟೆಯೊಳಗೆ ಇದ್ದಿದ್ದಕ್ಕೇ ನನ್ನ ಹೆಂಡತಿಯ ತಮ್ಮ ಹೇಳಿದ್ದು ಅಷ್ಟು ಬೇಗ ತಲೆಗೆ ಹೋಯಿತು ಅಂತ ಈಗ ಅನಿಸುತ್ತದೆ.

‘ಭಾವ, ನಮ್ಮ ಆಫೀಸಲ್ಲೇ ಮೂರು ಜನ ಪಾಂಡಿಚೇರಿ ನಂಬರ್ ಹಾಕಿಸಿದ್ದಾರೆ. ಅರಾಮಾಗಿ ಓಡಾಡ್ತಿದ್ದಾರೆ. ಅಲ್ಲಿ ಟ್ಯಾಕ್ಸ್ ಕಮ್ಮಿ. ಸುಮ್ನೆ ಯಾಕೆ ದುಡ್ಡು ಸುರೀತೀರಾ?’

ಅವನೇ ಏಜೆಂಟ್ ನಂಬರ್ ಕೊಟ್ಟ. ಏಜೆಂಟ್ ಕನ್ನಡವನ್ನೂ ತಮಿಳನ್ನೂ ಒಂದೇ ಉಸಿರಿಗೆ ಮಾತಾಡುವ ಮನುಷ್ಯ. ಪ್ಯಾಕೇಜ್ 1.30 ಲಕ್ಷ ಅಂದ. ಅಲ್ಲಿನ ಟ್ಯಾಕ್ಸ್, ನಂಬರ್ ಪ್ಲೇಟ್, ವಿಳಾಸದ ಕಾಗದ, ಅವನ ಖರ್ಚು ಎಲ್ಲ ಸೇರಿ. ಬಿಡಿ ಲೆಕ್ಕ ಕೇಳಿದೆ. ‘ಪ್ಯಾಕೇಜ್ ಸರ್, ಪ್ಯಾಕೇಜ್’ ಅಂದ. ಆಮೇಲೆ ಟ್ಯಾಕ್ಸ್ ರಸೀದಿ ಕೈಗೆ ಬಂದಾಗ ಗೊತ್ತಾಯಿತು, ನಾನು ಕೊಟ್ಟಿದ್ದರಲ್ಲಿ ಸರ್ಕಾರಕ್ಕೆ ಹೋಗಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಉಳಿದದ್ದು ಅವನ ಜೇಬಿಗೆ.

ನನಗೊಂದು ಅನುಮಾನ ಇತ್ತು, ಕೇಳಿಯೂ ಕೇಳಿದೆ. ‘ಪೊಲೀಸರು ಹಿಡಿದರೆ?’ ಅವನು ನಕ್ಕ. ‘ಬೇರೆ ರಾಜ್ಯದ ಗಾಡಿ ಒಂದು ವರ್ಷ ಇಟ್ಕೋಬಹುದು ಸರ್, ಕಾನೂನಲ್ಲೇ ಇದೆ. ಯಾರಾದ್ರೂ ಕೇಳಿದ್ರೆ ಹೋದ ವಾರ ಬಂದೆ ಅನ್ನಿ.’

ಈ ಮಾತು ಅರ್ಧ ನಿಜ, ಅದಕ್ಕೇ ನಂಬಿಕೆ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ನಿನಲ್ಲಿ 12 ತಿಂಗಳ ಮಾತು ಇದೆ. ಒಂದು ರಾಜ್ಯದಲ್ಲಿ ರಿಜಿಸ್ಟರ್ ಆದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಅಲ್ಲಿನ ನಂಬರ್ ಹಾಕಿಸಬೇಕು ಅನ್ನೋದು ಅದು. ಚೆನ್ನೈಯಿಂದ ವರ್ಗವಾಗಿ ಕಾರು ಸಮೇತ ಬೆಂಗಳೂರಿಗೆ ಬಂದವರ ಥರದವರಿಗೆ ಅದು ಅನ್ವಯಿಸುತ್ತದೆ. ಅದೇ ಕಾಯ್ದೆಯ 40ನೇ ಸೆಕ್ಷನ್ ಬಗ್ಗೆ ಏಜೆಂಟ್ ಬಾಯಿ ಬಿಡಲಿಲ್ಲ. ಗಾಡಿಯ ಮಾಲೀಕ ಎಲ್ಲಿ ವಾಸ ಮಾಡುತ್ತಾನೋ, ಎಲ್ಲಿ ವ್ಯವಹಾರ ನಡೆಸುತ್ತಾನೋ, ಗಾಡಿ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೋ ಅದೇ ರಾಜ್ಯದಲ್ಲಿ ರಿಜಿಸ್ಟರ್ ಆಗಬೇಕು ಅನ್ನುತ್ತದೆ ಅದು. ನನ್ನ ಮನೆ ಬೆಂಗಳೂರು, ಕೆಲಸ ಬೆಂಗಳೂರು, ಪಾರ್ಕಿಂಗ್ ಬೆಂಗಳೂರು. ಪಾಂಡಿಚೇರಿಗೂ ನನಗೂ ಏನು ಸಂಬಂಧ? 11 ತಿಂಗಳ ಒಂದು ಬಾಡಿಗೆ ಕರಾರು ಪತ್ರ, ಅದರ ಮೇಲೆ ನಾನು ಕಣ್ಣಲ್ಲೂ ನೋಡದ ಮನೆಯ ಬಾಗಿಲ ನಂಬರ್.

ಗಾಡಿ ಅಲ್ಲೇ ಡೆಲಿವರಿ ತಗೊಂಡೆವು. ಸುಳ್ಳು ಯಾಕೆ, ಆ ದಿನ ಚೆನ್ನಾಗಿತ್ತು. ಮನಕುಳ ವಿನಾಯಕರ್ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹೊರಟೆವು. ತಿಂಡಿವನಂ, ಜಿಂಜಿ, ತಿರುವಣ್ಣಾಮಲೈ, ಕೃಷ್ಣಗಿರಿ, ಹೊಸೂರು. ಮುನ್ನೂರು ಕಿಲೋಮೀಟರ್ ಚಿಲ್ಲರೆ. ತಿರುವಣ್ಣಾಮಲೈನಲ್ಲಿ ಇಡ್ಲಿ ತಿನ್ನುತ್ತಾ ಎರಡು ಲಕ್ಷ ಉಳಿತು ಅಂತ ಲೆಕ್ಕ ಹಾಕಿದ್ದೆ. ಅಂಥ ಇಡ್ಲಿ ಮತ್ತೆ ಸಿಗಲಿಲ್ಲ.

ಕಾಟ ಶುರುವಾಗಿದ್ದು ಅತ್ತಿಬೆಲೆ ದಾಟಿದ ಮೇಲೆ. ಟ್ರಾಫಿಕ್ ಪೊಲೀಸ್ ಕಂಡರೆ ಸಾಕು, ಕೈ ತಂತಾನೇ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು. ಊರಿಗೆ ಹೋದರೆ ಚನ್ನರಾಯಪಟ್ಟಣದಲ್ಲಿ ಅಮ್ಮ, ‘ಬಾಡಿಗೆ ಗಾಡಿನೇನಪ್ಪಾ ಇದು? ನಂಬರ್ ಬೇರೆ ಥರ ಇದೆ’ ಅಂದರು. ನಮ್ಮದೇ ಅಮ್ಮ ಅಂದೆ. ‘ಮತ್ತೆ ನಮ್ಮ ಕೆಎ ಯಾಕಿಲ್ಲ?’ ಅಮ್ಮನಿಗೆ 40ನೇ ಸೆಕ್ಷನ್ ಗೊತ್ತಿಲ್ಲ. ಆದರೂ ಕೇಳಬೇಕಾದ್ದನ್ನೇ ಕೇಳಿದರು.

2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಫೆರಾರಿಯೊಂದನ್ನು ಸಾರಿಗೆ ಅಧಿಕಾರಿಗಳು ಹಿಡಿದರು. ಮಾಲೀಕರಿಂದ 1.41 ಕೋಟಿ ರೂಪಾಯಿ ಟ್ಯಾಕ್ಸ್ ವಸೂಲಿ ಮಾಡಿದ ಸುದ್ದಿ ಎಲ್ಲ ಕಡೆ ಓಡಾಡಿತು. ಸ್ನೇಹಿತರು ನನಗೆ ಕಳಿಸಿ ಕಾಲೆಳೆದರು. ನಾನೂ ನಕ್ಕೆ. ಫೆರಾರಿ ಹಿಡಿಯುವವರು ನನ್ನ ಗಾಡಿ ಯಾಕೆ ನೋಡುತ್ತಾರೆ ಅಂತ ಧೈರ್ಯ.

ಒಂದು ತಿಂಗಳಾಗಿರಲಿಲ್ಲ. ಕನಕಪುರ ರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಕೈ ಅಡ್ಡ ಬಂತು. ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರ್. ವಯಸ್ಸಾದವರು, ತುಂಬ ಮರ್ಯಾದೆಯಿಂದ ಮಾತಾಡಿದರು.

‘ಎಷ್ಟು ದಿನ ಆಯ್ತು ಸರ್, ಬೆಂಗಳೂರಿಗೆ ಬಂದು?’

‘ಹೋದ ವಾರ ಸರ್.’

ಅವರು ಏನೂ ಹೇಳಲಿಲ್ಲ. ಗಾಡಿ ಮುಂದೆ ಬಂದು ಬಗ್ಗಿ ಗಾಜಿನ ಎಡಗಡೆ ಮೂಲೆ ನೋಡಿದರು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸ್ಟಿಕ್ಕರ್ ಅಲ್ಲಿತ್ತು. ಹಸಿರು ಬಣ್ಣದ್ದು, ಫ್ಲ್ಯಾಟ್ ನಂಬರ್, ಕೆಳಗೆ ‘ಜನವರಿ 2025’. ಜನವರಿಯಲ್ಲಿ ಸೆಕ್ಯೂರಿಟಿಯವನು ತಾನೇ ಅಂಟಿಸಿದ್ದ. ನಾನು ಅದನ್ನು ಮರೆತೇಬಿಟ್ಟಿದ್ದೆ. ಆಮೇಲೆ ಸರ್ವಿಸ್ ಪುಸ್ತಕ ಕೇಳಿದರು. ಮೊದಲ ಸರ್ವಿಸ್, ಎರಡನೇ ಸರ್ವಿಸ್, ಎರಡೂ ಬೆಂಗಳೂರಿನ ಸೀಲು. ಫಾಸ್ಟ್‌ಟ್ಯಾಗ್ ಲೆಕ್ಕ ತೆಗೆಸಿ ನೋಡೋಣವಾ ಅಂತ ಕೇಳಿದರು. ಬೇಡ ಸರ್ ಅಂದೆ.

ಗಾಡಿಯನ್ನು ಆರ್‌ಟಿಒ ಆವರಣಕ್ಕೆ ಒಯ್ದರು. ಒಂಬತ್ತು ದಿನ ಒಂದು ಮಳೆಮರದ ಕೆಳಗೆ ನಿಂತಿತ್ತು. ದಿನಾ ಸಂಜೆ ಹೋಗಿ ನೋಡಿ ಬರುತ್ತಿದ್ದೆ, ಆಸ್ಪತ್ರೆಯಲ್ಲಿ ಇದ್ದವರನ್ನು ನೋಡಿ ಬರುವ ಹಾಗೆ. ಬಾನೆಟ್ ಮೇಲೆ ಕಾಗೆ ಹಿಕ್ಕೆ ಒಣಗಿ ಬಣ್ಣಕ್ಕೇ ಹಿಡಿದುಕೊಂಡಿತ್ತು. ಅದರ ಕಲೆ ಈಗಲೂ ಇದೆ.

ಕಟ್ಟಬೇಕಾದ್ದು ಎಷ್ಟು? ಎರಡು ವರ್ಷದೊಳಗಿನ ಹೊರರಾಜ್ಯದ ಕಾರಿಗೆ ಇಲ್ಲಿ ಹೊಸ ಕಾರಿನ ಟ್ಯಾಕ್ಸಿನ 93% ಅಂತ ಲೆಕ್ಕ ಹಾಕಿದರು. ಹತ್ತಿರ ಹತ್ತಿರ 3.25 ಲಕ್ಷ. ದಂಡ ಸೇರಿ 3.40. ಪಾಂಡಿಚೇರಿಯಲ್ಲಿ ಕಟ್ಟಿದ್ದನ್ನು ಇದರಲ್ಲಿ ಕಳೆಯಿರಿ ಅಂದೆ. ಅದು ಬೇರೆ ಸರ್ಕಾರಕ್ಕೆ ಕೊಟ್ಟಿದ್ದು, ನಮಗಲ್ಲವಲ್ಲ ಸರ್ ಅಂದರು ಕೌಂಟರಿನಲ್ಲಿದ್ದ ಹೆಂಗಸು. ಏನು ತಾನೇ ವಾದ ಮಾಡಲಿ?

ದುಡ್ಡು ಕಟ್ಟಿದರೆ ಮುಗಿಯಿತು ಅಂದುಕೊಂಡಿದ್ದರೆ ಕೇಳಿ. ಟ್ಯಾಕ್ಸ್ ಕಟ್ಟಿದ ಮಾತ್ರಕ್ಕೆ ಕೆಎ ನಂಬರ್ ಸಿಗೋದಿಲ್ಲ. ಮೂಲ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಗಾಡಿ ಬೇರೆ ಕಡೆ ಒಯ್ಯಲು ಅಭ್ಯಂತರ ಇಲ್ಲ ಅನ್ನೋ ಪತ್ರ ಬೇಕು. ಅದಕ್ಕೆ ಫಾರಂ 28, ಚಾಸಿ ನಂಬರಿನ ಪೆನ್ಸಿಲ್ ಅಚ್ಚು, ಗಾಡಿ ಕಳವಿನದ್ದಲ್ಲ ಅನ್ನೋ ವರದಿ, ಬಾಕಿ ಚಲನ್ ಇಲ್ಲದಿರುವುದು, ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುವಾಗ, ಚಿಕ್ಕವರಿದ್ದಾಗ ನಾಣ್ಯದ ಅಚ್ಚು ತೆಗೆಯುತ್ತಿದ್ದದ್ದು ನೆನಪಾಯಿತು. ಆ ಇಡೀ ವ್ಯವಹಾರದಲ್ಲಿ ನನಗೆ ಸುಲಭವಾಗಿ ಬಂದ ಕೆಲಸ ಅದೊಂದೇ.

ಬ್ಯಾಂಕಿನಲ್ಲಿ ಇನ್ನೊಂದು ಮುಜುಗರ. ಸಾಲದ ಕಾಗದದಲ್ಲಿ ಬೆಂಗಳೂರಿನ ವಿಳಾಸ, ಆರ್‌ಸಿಯಲ್ಲಿ ಪಾಂಡಿಚೇರಿ ವಿಳಾಸ. ಮ್ಯಾನೇಜರ್ ಎರಡನ್ನೂ ಪಕ್ಕಪಕ್ಕ ಇಟ್ಟು ನನ್ನ ಮುಖ ನೋಡಿದರು. ಆ ಒಂದು ಪತ್ರಕ್ಕೆ ಮೂರು ವಾರ ಹಿಡಿಯಿತು.

ಏಜೆಂಟ್ ಅಷ್ಟು ಹೊತ್ತಿಗೆ ಫೋನ್ ಎತ್ತುವುದನ್ನು ನಿಲ್ಲಿಸಿದ್ದ. ನಾನೇ ಪಾಂಡಿಚೇರಿಗೆ ಹೋದೆ. ಕಚೇರಿಯಲ್ಲಿ ಮಧ್ಯಾಹ್ನದ ಮೇಲೆ ಬನ್ನಿ ಅಂದರು. ಹೊತ್ತು ಕಳೆಯಬೇಕಿತ್ತು. ನನ್ನ ‘ಮನೆ’ ಹೇಗಿದೆ ನೋಡೋಣ ಅಂತ ಆಟೋ ಹತ್ತಿದೆ. ಮುದಲಿಯಾರ್‌ಪೇಟೆಯ ಒಂದು ಸಂದಿ. ಹಂಚಿನ ಮನೆ, ಜಗಲಿ ಮೇಲೆ ಒಬ್ಬ ಅಜ್ಜಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ನನ್ನ ಹರಕು ತಮಿಳಿನಲ್ಲಿ ವಿಳಾಸ ಕೇಳಿದೆ. ಅಜ್ಜಿ ದಾರ ಬಿಡದೆ ತಲೆ ಎತ್ತಿ, ‘ಕಾರಾ?’ ಅಂದರು. ಹೌದು ಅಂದೆ. ನೀನು ಈ ವರ್ಷ ಬಂದವರಲ್ಲಿ ಐದನೆಯವನು, ಆರ್‌ಸಿ ಕಾರ್ಡು ಬಂದರೆ ಹಿಂದಿನ ಬೀದಿಯ ಹುಡುಗ ಬಂದು ಇಸ್ಕೊಂಡು ಹೋಗುತ್ತಾನೆ, ನನಗೇನೂ ಗೊತ್ತಿಲ್ಲಪ್ಪಾ ಅಂದರು. ಆಮೇಲೆ ನೀರು ಬೇಕಾ ಅಂತ ಕೇಳಿದರು. ಕುಡಿದೆ. ಆ ಅಜ್ಜಿಗೂ ನಾಳೆ ಪೊಲೀಸರು ಬಂದರೆ ಏನು ಗತಿ ಅಂತ ವಾಪಸ್ ಬರುವಾಗ ಪೂರ್ತಿ ಅದೇ ಯೋಚನೆ. ಕೇರಳದಲ್ಲಿ 2017ರಲ್ಲಿ ಸಿನಿಮಾದವರ ಪಾಂಡಿಚೇರಿ ಕಾರುಗಳ ಗಲಾಟೆ ಎದ್ದಾಗ ಸುಳ್ಳು ವಿಳಾಸದ ಮೇಲೇ ಪೊಲೀಸ್ ಕೇಸ್ ಆಗಿತ್ತು. ಟ್ಯಾಕ್ಸ್ ಬಾಕಿ ಬೇರೆ, ಸುಳ್ಳು ದಾಖಲೆ ಬೇರೆ. ಎರಡನೆಯದು ದುಡ್ಡು ಕಟ್ಟಿ ತೊಳೆದುಕೊಳ್ಳುವಂಥದ್ದಲ್ಲ.

ಅಲ್ಲಿ ಕಟ್ಟಿದ ಟ್ಯಾಕ್ಸಿನ ರೀಫಂಡಿಗೆ ಅರ್ಜಿ ಹಾಕಬಹುದು ಅಂತ ಒಬ್ಬರು ಹೇಳಿದರು. ಅರ್ಜಿ ತೆಗೆದು ನೋಡಿದೆ. ಆ ಅಜ್ಜಿಯ ಮನೆ ವಿಳಾಸ ಮತ್ತೆ ಬರೆದು ಮತ್ತೆ ಸಹಿ ಹಾಕಬೇಕು. ಮಡಚಿ ಒಳಗಿಟ್ಟೆ.

ಈಗ ಕೆಎ ನಂಬರ್ ಬಂದಿದೆ. ಹೊಸ ಹೈ ಸೆಕ್ಯೂರಿಟಿ (ಎಚ್‌ಎಸ್‌ಆರ್‌ಪಿ) ನಂಬರ್ ಪ್ಲೇಟು, ಎರಡು ಸಲ ಪಾಂಡಿಚೇರಿ ಓಡಾಟ, ಇನ್ಶೂರೆನ್ಸ್ ವ್ಯತ್ಯಾಸ ಎಲ್ಲ ಸೇರಿ 27 ಸಾವಿರ. ಇನ್ಶೂರೆನ್ಸ್ ಯಾಕೆ ಅಂದರೆ, ಕಾರು ಎಲ್ಲಿ ರಿಜಿಸ್ಟರ್ ಆಗಿದೆ ಅನ್ನೋದರ ಮೇಲೆ ಪ್ರೀಮಿಯಂ ಬದಲಾಗುತ್ತದೆ. ಬೆಂಗಳೂರು ‘ಎ’ ವಲಯ, ಪಾಂಡಿಚೇರಿ ‘ಬಿ’. ಒಟ್ಟು ಖರ್ಚು 4.97 ಲಕ್ಷ. ಮೊದಲ ದಿನ ಶೋರೂಮ್ ಹುಡುಗ ಬರೆದುಕೊಟ್ಟದ್ದು 3.49. ಹೆಂಡತಿ ಆ ಕೊಟೇಶನ್ ಕಾಗದವನ್ನು ಫ್ರಿಜ್ ಮೇಲೆ ಅಂಟಿಸಿದ್ದಾಳೆ, ತೆಗೆಯಲು ಬಿಡುತ್ತಿಲ್ಲ. ಮಾರುವಾಗ ಹೊರರಾಜ್ಯದಿಂದ ಬಂದ ಗಾಡಿ ಅಂತ ರೇಟ್ ಇಳಿಸುತ್ತಾರೆ ಅಂತ ಸೆಕೆಂಡ್‌ಹ್ಯಾಂಡ್ ಗಾಡಿ ಮಾರುವ ಪರಿಚಯದವರೊಬ್ಬರು ಈಗಲೇ ಹೇಳಿದ್ದಾರೆ. ಆ ಲೆಕ್ಕ ಇನ್ನೂ ಬಾಕಿ.

ಹೊರಗೆ ಕಾರು ಕೊಳ್ಳುವುದೇ ತಪ್ಪು ಅಂತಲ್ಲ. ಹೊಸೂರಿನಲ್ಲಿ ಡಿಸ್ಕೌಂಟ್ ಜಾಸ್ತಿ ಸಿಕ್ಕರೆ ಧಾರಾಳವಾಗಿ ತಗೊಳ್ಳಿ. ಟೆಂಪರರಿ ರಿಜಿಸ್ಟ್ರೇಶನ್ ಮಾಡಿಸಿ ತಂದು ಇಲ್ಲಿ ಟ್ಯಾಕ್ಸ್ ಕಟ್ಟಿ, ಇಲ್ಲಿನ ನಂಬರ್ ಹಾಕಿಸಿ. ಜಿಎಸ್‌ಟಿ ದೇಶಕ್ಕೆಲ್ಲ ಒಂದೇ, ಹಾಗಾಗಿ ಉಳಿಯುವುದು ಆ ಡಿಸ್ಕೌಂಟ್ ಮಾತ್ರ. ವರ್ಗಾವಣೆಯ ಕೆಲಸದಲ್ಲಿದ್ದರೆ 2021ರಲ್ಲಿ ಬಂದ ಬಿಎಚ್ ಸೀರೀಸ್ (ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲ) ನಿಮಗೆ ಸಿಗುತ್ತದಾ ಅಂತ ಆಫೀಸಿನಲ್ಲಿ ವಿಚಾರಿಸಿ. ಅದರಲ್ಲಿ ಎರಡು ವರ್ಷಕ್ಕೊಮ್ಮೆ ಟ್ಯಾಕ್ಸ್ ಕಟ್ಟಿದರೆ ಆಯಿತು. ಇನ್ನು ದೆಹಲಿಯಿಂದ ಬರುವ ಅಗ್ಗದ ಡೀಸೆಲ್ ಗಾಡಿಗಳು. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧದ ಭಯ ಇರೋದರಿಂದ ಅದಕ್ಕೂ ಮುಂಚೆಯೇ ಚೀಪಾಗಿ ಬಿಕರಿ ಮಾಡುತ್ತಾರೆ. ಅದಕ್ಕೂ ಇಲ್ಲಿ ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಟ್ಯಾಕ್ಸ್ ಇದೆ, ಅದೇ ಎನ್‌ಒಸಿ ಓಡಾಟ ಇದೆ. ಮಾರುವವನು ಹೇಳೋ ರೇಟಿನಲ್ಲಿ ಇದ್ಯಾವುದೂ ಸೇರಿರುವುದಿಲ್ಲ. ಎನ್‌ಒಸಿ ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ.

ಆಯುಧಪೂಜೆ ದಿನ ಏಜೆಂಟಿನಿಂದ ವಾಟ್ಸ್ಯಾಪ್ ಮೆಸೇಜ್ ಬಂತು. ಚಾಮುಂಡೇಶ್ವರಿ ಫೋಟೊ, ಕೆಳಗೆ ‘ಫ್ರೆಂಡ್ಸ್ ಯಾರಾದ್ರೂ ಕಾರು ತಗೊಳ್ತಿದ್ರೆ ಹೇಳಿ ಸರ್, ಹಬ್ಬದ ಆಫರ್ ಇದೆ’. 3.40 ಲಕ್ಷದ ರಸೀದಿಯ ಫೋಟೊ ತೆಗೆದು ಕಳಿಸಿದೆ. ಎರಡು ನೀಲಿ ಟಿಕ್ ಬಂತು. ಸ್ವಲ್ಪ ಹೊತ್ತಿಗೆ ಅವನ ಪ್ರೊಫೈಲ್ ಫೋಟೊ ಮಾಯವಾಯಿತು.