510 ಕನೆಕ್ಟರಿಗೆ ಮೂರು ದಾರಿ: ಬಿಚ್ಚಿದ್ದು, ಟ್ಯಾಪ್ ಹಾಕಿದ್ದು, ಲೇತ್‌ನಲ್ಲಿ ಕಡೆದದ್ದು

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಆರು ವರ್ಷ ಲೇತ್ ಮುಂದೆ ನಿಂತವನು. ಈಗ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿದ್ದೇನೆ. ಹದಿನಾಲ್ಕು ವರ್ಷ ಸೇದಿದ ಸಿಗರೇಟು ನನಗೆ ಬಿಟ್ಟಿದ್ದು ಇ-ಸಿಗರೇಟಿಗೆ ಬಂದ ಮೇಲೆ. ಅದರ ಬ್ಯಾಟರಿ ಕೂರುವ ಡಬ್ಬಿಗಳನ್ನು ನಾನೇ ಮಾಡಿಕೊಳ್ಳುತ್ತೇನೆ. ಡಬ್ಬಿ ಮಾಡುವುದು ಸುಲಭ. ಅದರ ನೆತ್ತಿಯ ಮೇಲೆ ಕೂರುವ ಥ್ರೆಡ್ ಇರುವ ಕನೆಕ್ಟರೇ ಕಷ್ಟ. ದ್ರವ ತುಂಬಿ ಕಾಯಿಸುವ ಟ್ಯಾಂಕನ್ನು ತಿರುಗಿಸಿ ಕೂರಿಸುವುದು ಇದರ ಮೇಲೆಯೇ, ಅದಕ್ಕೆ ಕರೆಂಟ್ ಹೋಗುವುದೂ ಇದರಿಂದಲೇ. ಒಂದು ಚಳಿಗಾಲ ಪೂರ್ತಿ ಇದಕ್ಕೇ ಹೋಯಿತು. ಮೂರು ದಾರಿ ಹಿಡಿದು ನೋಡಿದೆ.

ಊರಿನಲ್ಲಿ ಓದುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ 2019ರ ಕಾಯ್ದೆ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ ಎಲ್ಲವನ್ನೂ ನಿಷೇಧಿಸಿದೆ. ಅಲ್ಲಿ ಇದನ್ನು ಮಾಡಲು ಹೋಗಬೇಡಿ. ಸೇದದೇ ಇರುವವರು ಎಲ್ಲಿದ್ದರೂ ಇದನ್ನು ಶುರು ಮಾಡುವುದೇ ಬೇಡ. ಸಣ್ಣ ಥ್ರೆಡ್ ಹಾಕುವ ಕೆಲಸದ ಮಾತು ಮಾತ್ರ ಟಾರ್ಚ್ ಮಾಡುವವರಿಗೂ ಉಪಯೋಗಕ್ಕೆ ಬರುತ್ತದೆ.

ಈ ಕನೆಕ್ಟರಿಗೆ 510 ಅಂತ ಹೆಸರು. ಥ್ರೆಡ್ 7 ಮಿ.ಮೀ. ವ್ಯಾಸದ್ದು, ಪಿಚ್, ಅಂದರೆ ಥ್ರೆಡ್ಡಿನ ಒಂದು ಎಳೆಯಿಂದ ಇನ್ನೊಂದಕ್ಕೆ ಇರುವ ದೂರ, 0.5 ಮಿ.ಮೀ. ಅಂಗಡಿಯಲ್ಲಿ ಸಿಗುವ ಮಾಮೂಲಿ 7 ಮಿ.ಮೀ. ಟ್ಯಾಪಿನ (ತೂತಿನ ಒಳಗೆ ಥ್ರೆಡ್ ಕೊರೆಯುವ ಉಪಕರಣ) ಪಿಚ್ 1 ಮಿ.ಮೀ. ಅದನ್ನು ತಂದರೆ ದುಡ್ಡು ದಂಡ. ಹೊರಗಿನ ಹಿತ್ತಾಳೆ ಬಳೆ ನೆಗೆಟಿವ್, ನಡುವಿನ ಪಿನ್ ಪಾಸಿಟಿವ್, ಎರಡೂ ತಾಗದಂತೆ ನಡುವೆ ಪ್ಲಾಸ್ಟಿಕ್ ಅಥವಾ ರಬ್ಬರಿನ ಬುಶ್. ಇಷ್ಟೇ ಇರುವುದು.

ಮೊದಲ ದಾರಿ ಬಿಚ್ಚಿ ತೆಗೆಯುವುದು. ಹಳೆಯ ಯುಎಸ್‌ಬಿ ಇ-ಸಿಗರೇಟ್ ಚಾರ್ಜರುಗಳ ತುದಿಯಲ್ಲಿ ಇದೇ ಥ್ರೆಡ್ ಇರುತ್ತದೆ. ನಾಲ್ಕು ಚಾರ್ಜರ್ ಬಿಚ್ಚಿದೆ. ಖರ್ಚು ಸೊನ್ನೆ, ಒಂದಕ್ಕೆ ಹತ್ತು ನಿಮಿಷ. ಸತ್ತ ಬ್ಯಾಟರಿಯ ಕೊಳವೆಯನ್ನು ಮಾತ್ರ ಯಾವತ್ತೂ ಕೊಯ್ಯಬೇಡಿ. ಒಳಗೆ ಲಿಥಿಯಂ ಸೆಲ್ ಇರುತ್ತದೆ, ಗರಗಸ ತಾಗಿದರೆ ಬೆಂಕಿ. ಚಾರ್ಜರಿನ ಬಳೆ ತಗಡಿನಷ್ಟು ತೆಳು. ಒಳಗಿನ ಬುಶ್ ರಬ್ಬರಿನದು, ಟ್ಯಾಂಕ್ ಸ್ವಲ್ಪ ಬಿಗಿಯಾಗಿ ತಿರುಗಿಸಿದರೆ ಪಿನ್ ಒಳಕ್ಕೆ ಹೋಗಿಬಿಡುತ್ತದೆ. 5 ಆಂಪ್ ಕರೆಂಟ್ ಹಾಯಿಸಿ ಅಳೆದೆ. 90 ಮಿಲಿವೋಲ್ಟ್ ಅಲ್ಲೇ ಬಿದ್ದು ಹೋಗುತ್ತಿತ್ತು, ಅಂದರೆ 18 ಮಿಲಿಓಮ್. ಹತ್ತು ವ್ಯಾಟಿನ ಪುಟ್ಟ ಸಾಧನಕ್ಕೆ ಸಾಕು. ಅದಕ್ಕಿಂತ ಜಾಸ್ತಿಗೆ ನಾನು ಇದನ್ನು ಹಾಕುವುದಿಲ್ಲ.

ಎರಡನೆಯದು ಟ್ಯಾಪ್. 12 ಮಿ.ಮೀ. ಹಿತ್ತಾಳೆ ರಾಡ್ ತುಂಡು ಮಾಡಿ, 6.5 ಮಿ.ಮೀ. ತೂತು ಕೊರೆದು, ಕೈಯಲ್ಲೇ ಟ್ಯಾಪ್ ತಿರುಗಿಸಿದೆ. ಹಿತ್ತಾಳೆ ಮೆದು, ಎಣ್ಣೆಯೂ ಬೇಡ, ಟ್ಯಾಪ್ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಮೋಸ ಇರುವುದೂ ಅಲ್ಲೇ. ಟ್ಯಾಪ್ ಓರೆಯಾಗಿ ಶುರುವಾದರೂ ಕೈಗೆ ಗೊತ್ತಾಗುವುದಿಲ್ಲ. ಆರು ಮಾಡಿದೆ, ನೇರ ಬಂದದ್ದು ಎರಡು. ಒಂದೇ ಒಂದು ಡಿಗ್ರಿ ವಾಲಿದರೂ 22 ಮಿ.ಮೀ. ಅಗಲದ ಟ್ಯಾಂಕಿನ ಒಂದು ಅಂಚಿನಲ್ಲಿ ಸುಮಾರು 0.4 ಮಿ.ಮೀ. ಸಂದು ಕಾಣುತ್ತದೆ. ಕಣ್ಣಿಗೆ ಕಟ್ಟುವಂಥ ಸಂದು ಅದು. ಆಮೇಲೆ ಟ್ಯಾಪನ್ನು ಡ್ರಿಲ್ ಪ್ರೆಸ್ಸಿನ ಚಕ್ಕಿಗೆ (ಡ್ರಿಲ್ ಹಿಡಿಯುವ ತಲೆ) ಕಚ್ಚಿಸಿ, ಪ್ಲಗ್ ಕಿತ್ತು, ಚಕ್ಕನ್ನು ಕೈಯಲ್ಲೇ ತಿರುಗಿಸಿದೆ. ಎಲ್ಲ ನೇರ ಬಂದವು. ಲೇತ್ ಇಲ್ಲದವರಿಗೆ ಇದೇ ಸರಿಯಾದ ದಾರಿ, ಅನುಮಾನ ಬೇಡ.

ಹಿತ್ತಾಳೆಗೆ ಡ್ರಿಲ್ ಹಾಕುವಾಗ ಒಂದು ಮಾತು. ಹೊಸ ಚೂಪು ಡ್ರಿಲ್ ಹಿತ್ತಾಳೆಯನ್ನು ಕಚ್ಚಿ ಒಳಕ್ಕೆ ಎಳೆದುಕೊಳ್ಳುತ್ತದೆ. ಅಂಚನ್ನು ಕಲ್ಲಿನಲ್ಲಿ ಸ್ವಲ್ಪ ಚಪ್ಪಟೆ ಮಾಡಿಕೊಳ್ಳಬೇಕು. ಪೀಣ್ಯದಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ವಾರವೇ ಹೇಳಿದ್ದು ಇದು. ಅವರ ಕೈ ಈಗಲೂ ನೆನಪಾಗುತ್ತದೆ.

ಮೂರನೆಯದು ಲೇತ್‌ನಲ್ಲಿ ಒಂಟಿ ಟೂಲ್ ಹಾಕಿ ಥ್ರೆಡ್ ಕಡೆಯುವುದು. ನನ್ನ ಪುಟ್ಟ ಲೇತಿನಲ್ಲಿ ಟೂಲನ್ನು ಎಳೆದೊಯ್ಯುವ ಲೀಡ್ ಸ್ಕ್ರೂ 1.5 ಮಿ.ಮೀ. ಪಿಚ್ಚಿನದು. 20 ಮತ್ತು 60 ಹಲ್ಲಿನ ಗೇರ್ ಹಾಕಿದರೆ ಮೂರರಲ್ಲಿ ಒಂದು ಪಾಲು, ಸರಿಯಾಗಿ 0.5 ಸಿಗುತ್ತದೆ. 1.5ಕ್ಕೆ 0.5 ಸಮನಾಗಿ ಹೋಗುವುದರಿಂದ ಟೂಲನ್ನು ಆ ಸ್ಕ್ರೂಗೆ ಸೇರಿಸುವ ಹಾಫ್ ನಟ್ಟನ್ನು ಎಲ್ಲಿ ಬೇಕಾದರೂ ಹಾಕಬಹುದು, ಥ್ರೆಡ್ ತಪ್ಪುವುದಿಲ್ಲ. ಕಷ್ಟ ಇರುವುದು ಟೂಲಿನಲ್ಲಿ. 6.5 ಮಿ.ಮೀ. ತೂತಿನ ಒಳಗೆ ಹೋಗಬೇಕಾದ ಕಡ್ಡಿ ಎಷ್ಟು ಸಣ್ಣ ಇರಬೇಕು ಯೋಚಿಸಿ. ಅದು ಬಾಗುತ್ತದೆ. ಥ್ರೆಡ್ಡಿನ ಆಳವೇ 0.27 ಮಿ.ಮೀ., ಅದರಲ್ಲಿ ಬಾಗಿದ್ದೆಷ್ಟು ಕಡೆದದ್ದೆಷ್ಟು ಅಂತ ತಿಳಿಯುವುದಿಲ್ಲ. ಟೂಲ್ ಮುಂದಕ್ಕೆ ಹಾಕದೆ ಅದೇ ಅಳತೆಯಲ್ಲಿ ಮತ್ತೆ ಎರಡು ಸಲ ಓಡಿಸಬೇಕು. ಮೊದಲ ಕನೆಕ್ಟರಿಗೆ ಮೂರು ಗಂಟೆ ಹಿಡಿಯಿತು. ಐದನೆಯದಕ್ಕೆ ಐವತ್ತು ನಿಮಿಷ. ಟ್ಯಾಂಕ್ ಅದರ ಮೇಲೆ ಕೂತ ರೀತಿ ನೋಡಬೇಕಿತ್ತು, ಒಂದು ಕೂದಲು ತೂರುವಷ್ಟೂ ಜಾಗ ಇಲ್ಲ.

ಆದರೆ ಆ ಚೆಂದಕ್ಕೆ ಕಾರಣ ಥ್ರೆಡ್ ಅಲ್ಲ ಅಂತ ಆಮೇಲೆ ಹೊಳೆಯಿತು. ಚಕ್ಕಿನಿಂದ ಬಿಚ್ಚದೆ ಮುಖ ಸವರಿ, ತೂತು ಕೊರೆದು, ಥ್ರೆಡ್ ಹಾಕಿದ್ದರಿಂದ ಎಲ್ಲವೂ ಒಂದಕ್ಕೊಂದು ನೇರವಾಗಿ ಬಂದಿತ್ತು. ಹಾಗಾದರೆ ಥ್ರೆಡ್ಡಿಗೆ ಟ್ಯಾಪನ್ನೇ ಲೇತಿನ ಇನ್ನೊಂದು ತುದಿಯ ಟೇಲ್ ಸ್ಟಾಕಿನಿಂದ ಹಿಡಿದು ಹಾಕಿದರೆ ಆಗದೇ? ಆಗುತ್ತದೆ. ಹದಿನೈದು ನಿಮಿಷದ ಕೆಲಸ, ಅಷ್ಟೇ ನೇರ. ನನ್ನ ಓಟು ಇದಕ್ಕೇ. ಒಂಟಿ ಟೂಲನ್ನು ಟ್ಯಾಪ್ ಸಿಗದ ಅಳತೆಗಳಿಗೆ ಮಾತ್ರ ತೆಗೆಯುತ್ತೇನೆ.

ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಒಂದು ಸಲ ಮಾಡಿದೆ. ಟ್ಯಾಪ್ ಮುರಿಯಿತು, ತುಂಡು ಒಳಗೇ ಉಳಿಯಿತು. ಹಿತ್ತಾಳೆಗೂ ಒಂದು ದೋಷ ಇದೆ. ಕಡೆಯಲು ಸುಲಭವಾದ ಹಿತ್ತಾಳೆಯಲ್ಲಿ ಶೇಕಡಾ 3ರಷ್ಟು ಸೀಸ ಇರುತ್ತದೆ. ಹಾಗಾಗಿ ಗಾಳಿ ಕನೆಕ್ಟರಿನ ಮೂಲಕವೇ ಬರುವ ಹಳೆ ಥರದ ಟ್ಯಾಂಕುಗಳಿಗೆ ನಾನು ಈ ಹಿತ್ತಾಳೆ ಬಳಸುವುದಿಲ್ಲ. ಗಾಳಿ ಮೇಲಿನಿಂದ ಬರುವ ಟ್ಯಾಂಕಿಗೆ ಮಾತ್ರ.

ನಡುವಿನ ಪಿನ್ ವಿಷಯಕ್ಕೆ ಬರುತ್ತೇನೆ. ಥ್ರೆಡ್ ಕೆಟ್ಟರೆ ಟ್ಯಾಂಕ್ ಕೂರುವುದಿಲ್ಲ, ಅಷ್ಟೇ. ಬುಶ್ ಕೆಟ್ಟರೆ ಶಾರ್ಟ್. ಬುಶ್ಶಿಗೆ ಮೂರು ಪ್ಲಾಸ್ಟಿಕ್ ನೋಡಿದೆ. ಟೆಫ್ಲಾನ್ ಬಿಸಿ ತಡೆಯುತ್ತದೆ, ಆದರೆ ಒತ್ತಡ ಬಿದ್ದಲ್ಲಿ ದಿನ ಕಳೆದ ಹಾಗೆ ಹಿಂಡಿ ಹರಡಿಕೊಳ್ಳುತ್ತದೆ. ಡೆಲ್ರಿನ್ ಕಡೆಯಲು ಬಲು ಚೆಂದ, ಆದರೆ 175 ಡಿಗ್ರಿಗೇ ಕರಗುತ್ತದೆ. ಸೀಸವಿಲ್ಲದ ಸಾಲ್ಡರಿಗೆ ಸುಮಾರು 220 ಡಿಗ್ರಿ ಬೇಕು. ನಾನು ಎರಡು ಬುಶ್ ಹೀಗೇ ಕರಗಿಸಿದೆ. ಪೀಕ್ ದುಬಾರಿ, ಆದರೆ 340 ಡಿಗ್ರಿ ದಾಟುವವರೆಗೂ ಕರಗುವುದಿಲ್ಲ. ದುಡ್ಡು ಉಳಿಸಬೇಕೆಂದರೆ ಡೆಲ್ರಿನ್ ಹಾಕಿ, ಆದರೆ ವೈರನ್ನು ಬುಶ್ಶಿನಲ್ಲಿ ಮೊದಲೇ ತೂರಿಸಿ, ಬುಶ್ಶನ್ನು ದೂರ ಸರಿಸಿ, ಪಿನ್ನಿಗೆ ಸಾಲ್ಡರ್ ಮಾಡಿ, ಆರಿದ ಮೇಲೆ ಎಳೆದು ಕೂರಿಸಿ.

ಪಿನ್ನಿನ ಕೆಳಗೆ ಸ್ಪ್ರಿಂಗ್ ಇದ್ದರೆ ಯಾವ ಟ್ಯಾಂಕಾದರೂ ಸರಿಯಾಗಿ ತಾಗುತ್ತದೆ. ಕರೆಂಟ್ ಮಾತ್ರ ಸ್ಪ್ರಿಂಗ್ ಮೂಲಕ ಹೋಗಕೂಡದು. ಹೋದರೆ ಸ್ಪ್ರಿಂಗ್ ಬಿಸಿಯಾಗಿ ಸತ್ತು ಹೋಗುತ್ತದೆ. ವೈರ್ ನೇರ ಪಿನ್ನಿಗೇ ಬರಬೇಕು. ಹೀಗೆ ಮಾಡಿದ ಹಿತ್ತಾಳೆ ಕನೆಕ್ಟರಿನಲ್ಲಿ 5 ಆಂಪಿಗೆ ಬಿದ್ದದ್ದು 10 ಮಿಲಿವೋಲ್ಟ್ ಮಾತ್ರ, ಅಂದರೆ 2 ಮಿಲಿಓಮ್. ಚಾರ್ಜರಿನದಕ್ಕಿಂತ ಒಂಬತ್ತು ಪಟ್ಟು ಕಡಿಮೆ.

ಈಗ ಶೆಡ್ಡಿನಲ್ಲಿ ಹನ್ನೆರಡು ಹಿತ್ತಾಳೆ ತುಂಡು ಕತ್ತರಿಸಿ ಇಟ್ಟಿದ್ದೇನೆ. ಒಂದೊಂದನ್ನೂ ಟ್ಯಾಂಕ್ ಇಲ್ಲದೆ ಬರೀ ಕನೆಕ್ಟರನ್ನೇ ಮೀಟರಿಗೆ ಹಿಡಿಯುತ್ತೇನೆ, ಒಂದು ಕಡ್ಡಿ ಪಿನ್ನಿಗೆ, ಇನ್ನೊಂದು ಬಳೆಗೆ. ಪಿನ್ನನ್ನು ಬೆರಳಿನಿಂದ ಒತ್ತಿ, ಪಕ್ಕಕ್ಕೆ ತಳ್ಳಿ ನೋಡುತ್ತೇನೆ. ಮೀಟರ್ ಕೂಗಿದರೆ ಶಾರ್ಟ್ ಅಂತ ಅರ್ಥ. ಒಂದು ಸಲ ಕೂಗಿದರೂ ಆ ತುಂಡು ಗುಜರಿ ಡಬ್ಬಕ್ಕೆ. ಕೂಗದೆ ಇದ್ದ ಮೇಲೆಯೇ ಬ್ಯಾಟರಿ, ಅದೂ ಫ್ಯೂಸ್ ಹಾಕಿಕೊಂಡು.